ತಂಬೂರಿ ಹಚ್ಯಾರೇನು, ತಮ್ಮಾ?



ಈ ಚಾನೆಲ್‌ನಲ್ಲಿ ಮಾತಾಡುವ ಹೆಚ್ಚಿನವರು ಬೆಂಗಳೂರು ಬಿಟ್ಟು ಅಮೆರಿಕಾಕ್ಕೆ, ಜರ್ಮನಿಗೆ ಹೋದವರು. ನಾನು ಹೋದದ್ದು ಪಾಂಡೇಸರಾಕ್ಕೆ. ನಗಬೇಡಿ, ಅದು ಸೂರತ್ತಿನೊಳಗಿನ ಒಂದು ಕೈಗಾರಿಕಾ ಪ್ರದೇಶ. ಸಾಲುಸಾಲಾಗಿ ಡೈಯಿಂಗ್ ಮತ್ತು ಪ್ರಿಂಟಿಂಗ್ ಮಿಲ್ಲುಗಳು, ಚಿಮಣಿಗಳು, ರಸ್ತೆ ತುಂಬ ಬಟ್ಟೆಯ ತಾಕು ಹೇರಿಕೊಂಡ ಟೆಂಪೊಗಳು. ನಿಮ್ಮ ಮನೆಯಲ್ಲಿ ಹೂವಿನ ಪ್ರಿಂಟಿನ ಪಾಲಿಯೆಸ್ಟರ್ ಸೀರೆ ಇದ್ದರೆ ಅದು ಸೂರತ್ತಿನದ್ದೇ ಇರೋ ಸಾಧ್ಯತೆ ಬಹಳ. ನಾನು ಆ ಮಿಲ್ಲುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಗ್ರೇ ಬಟ್ಟೆ ಒಳಗೆ ಬಂದಾಗ ಲಾಟ್ ನಂಬರ್ ಹಾಕೋದರಿಂದ ಹಿಡಿದು, ಬಣ್ಣ ಏರಿ, ಸ್ಟೆಂಟರ್ ಯಂತ್ರದಲ್ಲಿ ಒಣಗಿ, ಅಳತೆಯಾಗಿ ಹೊರಗೆ ಹೋಗುವವರೆಗಿನ ಲೆಕ್ಕ.

ಇವತ್ತು ಮಾತಾಡೋಕೆ ಬಂದದ್ದು ಬಟ್ಟೆ ಬಗ್ಗೆ ಅಲ್ಲ. ನಮಗೆ ಸ್ವಲ್ಪವೂ ರುಚಿ ಇಲ್ಲದ ಒಂದು ಸಂಗೀತ ಕಛೇರಿಗೆ, ನಮಗೆ ಬೇಕಾದವರ ಜೊತೆ ಹೋಗೋದರ ಬಗ್ಗೆ. ನಾವೆಲ್ಲ ಒಂದಲ್ಲ ಒಂದು ಸಲ ಹೋಗಿರ್ತೀವಿ. ಹೆಂಡತಿ ಜೊತೆ, ಗೆಳೆಯನ ಜೊತೆ, ಮಗಳ ಜೊತೆ. ಹೋಗಿ ಬಂದಮೇಲೆ ದೊಡ್ಡ ತ್ಯಾಗ ಮಾಡಿದವರ ಹಾಗೆ ಮುಖ ಮಾಡ್ಕೊಂಡಿರ್ತೀವಿ. ನಾನೂ ಹಾಗೇ ಹೊರಟವನು.

ಮೊದಲು ನನ್ನ ರುಚಿ ಹೇಳಿಬಿಡ್ತೀನಿ. ನಾನು ಮೆಟಲ್ ಕೇಳುವವನು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತಲ್ಲ, ಆ ಕೆಸರಿನಲ್ಲಿ ಕುಣಿದವರಲ್ಲಿ ನಾನೂ ಒಬ್ಬ. ದಿಲ್ಲಿಯ ಕಾರ್ಯಕ್ರಮ ರದ್ದಾಗಿ, ಬೆಂಗಳೂರಿನದ್ದೂ ಆಗುತ್ತೋ ಇಲ್ಲವೋ ಅಂತ ಎರಡು ದಿನ ಉಸಿರು ಹಿಡಿದು ಕೂತಿದ್ದೆವು. ಮರುದಿನ ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ, "ಹೆಂಗಿತ್ತೋ ಕಛೇರಿ? ಏನು ಹಾಡಿದ್ರು?" ನಾನು ಅಂದೆ, "ನಿನಗ ತಿಳೂದಿಲ್ಲ ಬಿಡಪಾ." ಅಪ್ಪ "ಆತು" ಅಂದು ಫೋನ್ ಅವ್ವನ ಕೈಗೆ ಕೊಟ್ಟ. ಆವತ್ತು ಅದು ನನಗೆ ಒಂದು ಮಾತು ಅಂತಲೂ ಅನ್ನಿಸಿರಲಿಲ್ಲ.

ನಮ್ಮ ಅಪ್ಪ ಕುಂದಗೋಳದವನು. ಹುಬ್ಬಳ್ಳಿಯ ಪಕ್ಕದ ಸಣ್ಣ ಊರು. ಆದರೆ ಹಿಂದೂಸ್ತಾನಿ ಸಂಗೀತ ಗೊತ್ತಿರೋರಿಗೆ ಅದು ಸಣ್ಣದಲ್ಲ. ಸವಾಯಿ ಗಂಧರ್ವರ ಊರು ಅದು. ಹೆಸರು ರಾಮಚಂದ್ರ ಕುಂದಗೋಳಕರ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಪಾಠಕ್ಕೆ ಹೋಗ್ತಿದ್ರು. ಭೀಮಸೇನ ಜೋಶಿ ಕಲಿತದ್ದೂ ಅಲ್ಲೇ. ನಾಡಿಗೇರ ವಾಡೆಯಲ್ಲಿ ಗುರುಗಳ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡೀತಿತ್ತು. ಅಪ್ಪ ನನ್ನನ್ನ ಚಿಕ್ಕವನಿದ್ದಾಗ ಕರ್ಕೊಂಡು ಹೋಗ್ತಿದ್ದ. ನನಗೆ ನೆನಪಿರೋದು ಜಮಖಾನದ ವಾಸನೆ, ಅಪ್ಪನ ತೊಡೆ, ನಿದ್ದೆ, ಅಷ್ಟೇ.

ಅಪ್ಪ ಹಾಡುಗಾರನಲ್ಲ. ಮೂವತ್ತು ವರ್ಷ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟರ್ ಆಗಿದ್ದವನು. ಯಂತ್ರದ ಪಕ್ಕ ನಿಂತು ಹಗಲು ಕಳೆದು, ರಾತ್ರಿ ರೇಡಿಯೊಕ್ಕೆ ಕಿವಿ ಹಚ್ಚಿ ಮಲಗುತ್ತಿದ್ದವನು.

2024ರ ಡಿಸೆಂಬರ್‌ನಲ್ಲಿ ತಂಗಿಯ ಬಾಣಂತನಕ್ಕೆ ಅವ್ವ ಹೋದಳು. ಅಪ್ಪ ಒಬ್ಬನೇ ಆಗ್ತಾನೆ ಅಂತ ಸೂರತ್ತಿಗೆ ಕರೆಸಿಕೊಂಡೆ. ಬಂದ ದಿನವೇ ಗಮನಿಸಿದೆ, ಕಿವಿಯಲ್ಲಿ ಹೊಸ ಶ್ರವಣ ಯಂತ್ರ. "ಡಾಕ್ಟರ್ ಹಾಕ್ಕೋ ಅಂದ್ರು, ಹಾಕ್ಕೊಂಡೆ" ಅಂದ. ಅರ್ಧ ದಿನ ಅದು ಕಿವಿಯಲ್ಲಿ, ಇನ್ನರ್ಧ ದಿನ ಕನ್ನಡಕದ ಡಬ್ಬಿಯಲ್ಲಿ. ವಯಸ್ಸಾಗಿದೆ, ಸ್ವಲ್ಪ ಮಂದ ಆಗಿದೆ ಅಂದುಕೊಂಡೆ. ಟಿವಿ ಸೌಂಡ್ ಜಾಸ್ತಿ ಇಡ್ತಾನೆ ಅಂತ ಎರಡು ಸಲ ಸಿಡುಕಿದೆ ಕೂಡ.

ಡಿಸೆಂಬರ್ 15ಕ್ಕೆ ಜಾಕಿರ್ ಹುಸೇನ್ ತೀರಿಕೊಂಡ ಸುದ್ದಿ ಬಂತು. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಎರಡು ದಿನ ಬಿಟ್ಟು ಕೇಳಿದ, "ತಮ್ಮಾ, ಅಹಮದಾಬಾದು ಇಲ್ಲಿಂದ ಎಷ್ಟು ದೂರ?" ಯಾಕೆ ಅಂದೆ. "ಅಲ್ಲೆ ಸಪ್ತಕ ಆಗ್ತದಲ್ಲ. ಜಾಕಿರ್‌ಭಾಯಿ ಅಲ್ಲಿ ಬಹಳ ಸಲ ನುಡಿಸ್ಯಾರ. ಒಂದ್ ರಾತ್ರಿ ಕುಂತು ಬರೂಣು."

ಸಪ್ತಕ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಗುಜರಾತಿನಲ್ಲಿ ಇಷ್ಟು ವರ್ಷ ಇದ್ದೂ ಗೊತ್ತಿರಲಿಲ್ಲ. ತಬಲಾ ವಾದಕ ನಂದನ್ ಮೆಹ್ತಾ ಮತ್ತು ಸಿತಾರ್ ವಾದಕಿ ಮಂಜು ಮೆಹ್ತಾ ದಂಪತಿ 1980ರಲ್ಲಿ ಶುರು ಮಾಡಿದ ಸಂಸ್ಥೆ. ಪ್ರತಿ ವರ್ಷ ಜನವರಿ 1ರಿಂದ 13ರವರೆಗೆ ಅಹಮದಾಬಾದಿನಲ್ಲಿ ಸಂಗೀತೋತ್ಸವ. ಉತ್ತರಾಯಣದ ಗಾಳಿಪಟ ಹಾರೋ ಹಿಂದಿನ ದಿನದ ತನಕ. ನಮ್ಮ ಅಪ್ಪ ಕುಂದಗೋಳದಲ್ಲಿ ಕೂತು ಇದನ್ನೆಲ್ಲ ಬಲ್ಲವನಾಗಿದ್ದ. ಮಂಜು ಮೆಹ್ತಾ ಆ ಆಗಸ್ಟಿನಲ್ಲಷ್ಟೇ ತೀರಿಕೊಂಡಿದ್ರು, ಅದೂ ಅವನಿಗೆ ಗೊತ್ತಿತ್ತು.

ಸರಿ, ಪಾಸು ಹೊಂದಿಸಿದೆ, ಎರಡು ರೈಲು ಟಿಕೆಟ್ ಮಾಡಿಸಿದೆ. ಹೆಡ್‌ಫೋನ್ ಚಾರ್ಜ್ ಮಾಡಿಟ್ಟುಕೊಂಡೆ.

ರೈಲಿನಲ್ಲಿ ಅಪ್ಪ ಕಿಟಕಿ ಬಿಡಲಿಲ್ಲ. ಭರೂಚ್ ಬಂದು ನರ್ಮದೆ ದಾಟುವಾಗ "ಓಂಕಾರನಾಥ ಠಾಕೂರರು ಬೆಳದ ಊರು" ಅಂದು ಕೈ ಮುಗಿದ. ನಾನು ನದಿಗೆ ಮುಗಿದ ಅಂದುಕೊಂಡಿದ್ದೆ. ವಡೋದರಾ ಬಂತು. ನನ್ನ ಪಾಲಿಗೆ ಅದು ಚಹಾ ಕುಡಿಯೋ ಸ್ಟೇಷನ್. ಅಪ್ಪ ಬಾಗಿಲ ತನಕ ಹೋಗಿ ಪ್ಲಾಟ್‌ಫಾರ್ಮ್ ನೋಡುತ್ತ ನಿಂತ.

"ಇದು ನಮ್ಮೂರ ಬೇರು, ತಿಳೀತೇನು?" ಅಂದ.

ಆಮೇಲೆ ಹೇಳಿದ. ಬಡೋದೆಯ ಗಾಯಕವಾಡರ ಆಸ್ಥಾನದಲ್ಲಿ ಉತ್ತರದ ಕೈರಾನಾದಿಂದ ಬಂದ ಅಬ್ದುಲ್ ಕರೀಂ ಖಾನ್ ಇದ್ದರು. ಅಲ್ಲೇ ತಾರಾಬಾಯಿಯವರನ್ನು ಮೆಚ್ಚಿದರು, ಇಬ್ಬರೂ ಊರು ಬಿಟ್ಟರು. ಮುಂಬೈ, ಮೀರಜ್, ಧಾರವಾಡದ ಕಡೆ ತಿರುಗಾಟ. ಕುಂದಗೋಳದ ರಾಮಚಂದ್ರ ಅವರ ಶಿಷ್ಯನಾಗಿ ಸವಾಯಿ ಗಂಧರ್ವರಾದರು. ಅವರಿಂದ ಗಂಗೂಬಾಯಿ, ಅವರಿಂದ ಭೀಮಸೇನರು. ಖಾನ್‌ಸಾಹೇಬರ ಮಗಳು ಹೀರಾಬಾಯಿ ಬಡೋದೇಕರ್, ಹೆಸರಿನಲ್ಲೇ ಊರು ಉಳೀತು. "ಅವರು ಇಲ್ಲಿಂದ ಹೊಂಡಲಿಲ್ಲ ಅಂದ್ರ ನಮ್ಮ ಕುಂದಗೋಳದಾಗ ಶೇಂಗಾ, ಮೆಣಸಿನಕಾಯಿ ಅಷ್ಟ ಇರ್ತಿತ್ತು" ಅಂದ.

ನಾವು ಐಟಿ ಜನ ನಮ್ಮನ್ನ ನಾವು ಬಹಳ ವಲಸೆ ಹೋದವರು ಅಂದುಕೊಂಡಿರ್ತೀವಿ. ನನಗಿಂತ ನೂರು ವರ್ಷಕ್ಕೂ ಮೊದಲು ಒಬ್ಬರು ಗುಜರಾತಿನಿಂದ ನಮ್ಮ ಕಡೆಗೆ ಬಂದಿದ್ದರು. ನಾನು ಅದೇ ದಾರಿಯಲ್ಲಿ ಉಲ್ಟಾ ಬಂದಿದ್ದೆ, ಅಷ್ಟೇ.

ಸಂಜೆ ಕಛೇರಿ. ದೊಡ್ಡ ಆವರಣ, ಶಾಲು ಹೊದ್ದ ಜನ, ಮುಂದೆ ಗಾದಿ. ಹಿರಿಯ ಗಾಯಕರೊಬ್ಬರು ಬಂದು ಕೂತರು. ಹಿಂದೆ ಇಬ್ಬರು ಶಿಷ್ಯರು ತಂಬೂರಿ ಹಿಡಿದಿದ್ದರು. ಬಾಗೇಶ್ರೀ ರಾಗ ಅಂತ ಘೋಷಣೆ ಆಯಿತು. ವಿಲಂಬಿತ. ನಿಜ ಹೇಳ್ತೀನಿ, ಮೊದಲ ಹತ್ತು ನಿಮಿಷದಲ್ಲಿ ಏನೂ ಆಗಲಿಲ್ಲ. ಅವರು 'ಆ' ಅಂದರು, ನಿಲ್ಲಿಸಿದರು, ಮತ್ತೆ 'ಆ' ಅಂದರು. ನಾನು ಫೋನಿನಲ್ಲಿ ಮಿಲ್ಲಿನ ಸರ್ವರ್ ಸರಿ ಇದೆಯಾ ನೋಡಿದೆ. ಸರಿ ಇತ್ತು. ಸರಿ ಇಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪಕ್ಕದಲ್ಲಿ ಅಪ್ಪ ಚಡಪಡಿಸ್ತಿದ್ದ. ಶ್ರವಣ ಯಂತ್ರ ತೆಗೆದ. ಮತ್ತೆ ಹಾಕಿದ. ತೆಗೆದ. ಕುತ್ತಿಗೆ ಮುಂದೆ ಚಾಚಿ ವೇದಿಕೆಯ ಹಿಂದಿನ ಸಾಲನ್ನೇ ನೋಡ್ತಿದ್ದ. ಆಮೇಲೆ ನನ್ನ ಕಿವಿ ಹತ್ತಿರ ಬಂದು ಕೇಳಿದ:

"ತಂಬೂರಿ ಹಚ್ಯಾರೇನು, ತಮ್ಮಾ?"

ನಾನು ವೇದಿಕೆ ನೋಡಿದೆ. ಎರಡು ತಂಬೂರಿ, ಎರಡು ಕೈ, ಬೆರಳು ಆಡ್ತಾ ಇವೆ. ಇಡೀ ಆವರಣ ಆ ನಾದದಲ್ಲಿ ತುಂಬಿದೆ. ಸಂಗೀತ ಗೊತ್ತಿಲ್ಲದ ನನಗೇ ಅದು ಕೇಳಿಸ್ತಿದೆ.

"ಹಚ್ಯಾರಪಾ. ಬಾರಸಾಕತ್ಯಾರ."

"ಬೆರಳು ಕಾಣಸ್ತಾವ. ಕೇಳವಲ್ದು."

ಅಷ್ಟೇ ಅಂದ. ದೂರು ಹೇಳೋ ದನಿಯಲ್ಲಿ ಅಲ್ಲ, ಲೈಟು ಹೋಗಿದೆ ಅನ್ನೋ ಹಾಗೆ. ಎಷ್ಟು ದಿನದಿಂದ ಅಂತ ಕೇಳಿದೆ. "ಎರಡು ವರ್ಷ ಆತು" ಅಂದ. "ಯಂತ್ರ ಹಾಕ್ಕೊಂಡ್ರ ಹಾಡೋರ ದನಿ ನೀರಾಗ ಅಲಗಾಡಿದಂಗ ಆಗ್ತದ. ತಗದ್ರ ದೂರ ಹೋಗ್ತದ."

ಇಲ್ಲಿ ನಿಮಗೆ ಒಂದು ತಾಂತ್ರಿಕ ವಿಷಯ ಹೇಳಬೇಕು. ನಾನು ಎಂಟೆಕ್‌ನಲ್ಲಿ ಓದಿದ್ದು ಸಿಗ್ನಲ್ ಪ್ರೊಸೆಸಿಂಗ್. ಆ ಕ್ಷಣ ನನಗೆ ಸರಿಯಾಗಿ ಗೊತ್ತಾಯಿತು ಅಪ್ಪನ ಕಿವಿಯಲ್ಲಿ ಏನು ನಡೀತಿದೆ ಅಂತ. ಶ್ರವಣ ಯಂತ್ರವನ್ನ ಮಾಡಿರೋದು ಮಾತಿಗೋಸ್ಕರ. ಮಾತು ಏರುತ್ತೆ, ಇಳಿಯುತ್ತೆ, ತುಂಡುತುಂಡಾಗಿ ಬರುತ್ತೆ. ಏರಿಳಿತ ಇಲ್ಲದೆ ಒಂದೇ ಸಮ ಬರುವ ಸದ್ದು ಯಾವುದು? ಫ್ಯಾನು, ಎಸಿ, ಇಂಜಿನ್. ಅದನ್ನು ಗದ್ದಲ ಅಂತ ಗುರುತಿಸಿ ತಗ್ಗಿಸು ಅಂತ ಒಳಗಿನ ಪ್ರೋಗ್ರಾಮಿಗೆ ಹೇಳಿರ್ತಾರೆ. ಈಗ ಯೋಚನೆ ಮಾಡಿ, ತಂಬೂರಿಯ ಕೆಲಸವೇ ಒಂದೇ ಸಮ ಇರೋದು. ಯಂತ್ರದ ಪ್ರಕಾರ ತಂಬೂರಿ ಅಂದರೆ ಫ್ಯಾನು.

ಇನ್ನೊಂದು ಇದೆ. ಶ್ರವಣ ಯಂತ್ರದ ಮೈಕು, ಸ್ಪೀಕರು ಎರಡೂ ಒಂದೇ ಕಿವಿಯಲ್ಲಿರೋದರಿಂದ ಕೀಂ ಅಂತ ಸೀಟಿ ಹೊಡೆಯೋ ಅಪಾಯ ಇರುತ್ತೆ. ಹಾಗಾಗಿ ಉದ್ದಕ್ಕೆ ನಿಂತ ಶುದ್ಧ ಸ್ವರ ಸಿಕ್ಕಿದರೆ ಇದು ಸೀಟಿ ಇರಬಹುದು ಅಂತ ಅಳಿಸೋಕೆ ಹೋಗುತ್ತೆ. ಗಾಯಕರು ಷಡ್ಜದ ಮೇಲೆ ನಿಂತರೆ ಯಂತ್ರ ಅದರ ಜೊತೆ ಜಗಳಕ್ಕೆ ನಿಲ್ಲುತ್ತೆ. ಅಪ್ಪ ಹೇಳಿದ ನೀರಿನ ಅಲುಗಾಟ ಅದೇ. ಅಂದರೆ, ಗಾಯಕ ಜೀವನಪೂರ್ತಿ ಸಾಧನೆ ಮಾಡಿದ್ದನ್ನೇ ಯಂತ್ರ ತಪ್ಪು ಅಂತ ತಿದ್ದುತ್ತಿತ್ತು.

ಇಂಥ ಫಿಲ್ಟರ್‌ಗಳನ್ನ ನಾನು ಪರೀಕ್ಷೆಗೋಸ್ಕರ ಬರೆದಿದ್ದೆ. ಒಳ್ಳೆ ಅಂಕ ಬಂದಿತ್ತು. ಅದರ ಆ ತುದಿಯಲ್ಲಿ ನಮ್ಮಪ್ಪ ಕೂತಿರ್ತಾನೆ ಅಂತ ಯೋಚಿಸಿರಲಿಲ್ಲ.

"ಹೋಗೂಣೇನು?" ಅಂದೆ. ಅಪ್ಪ ತಲೆ ಅಲ್ಲಾಡಿಸಿದ. ಯಂತ್ರ ತೆಗೆದು ಡಬ್ಬಿಗೆ ಹಾಕಿ, ಅಂದ: "ನೀ ಕೇಳಿ ಹೇಳು."

"ನನಗೇನ್ ತಿಳೀತದಪಾ?"

"ತಿಳೀದಿದ್ರ ಬ್ಯಾಡ. ಕೇಳ್ತದಲ್ಲ? ಅಷ್ಟ ಸಾಕು. ತಂಬೂರಿ ಮೊದಲ ತಂತಿ ಮಧ್ಯಮಕ್ಕ ಹಚ್ಯಾರೋ, ಪಂಚಮಕ್ಕೋ ಹೇಳು."

ಬಾಗೇಶ್ರೀಯಲ್ಲಿ ಪಂಚಮದ ಪಾತ್ರ ಬಹಳ ಕಡಿಮೆ. ಹಾಗಾಗಿ ಸಾಮಾನ್ಯವಾಗಿ 'ಪ'ಕ್ಕೆ ಕೂಡಿಸುವ ಮೊದಲ ತಂತಿಯನ್ನ 'ಮ'ಕ್ಕೆ ಕೂಡಿಸ್ತಾರೆ. ಇದು ಆಮೇಲೆ ತಿಳಿದದ್ದು. ಆಗ ಅಪ್ಪ ಮಾಡಿದ್ದು ಇಷ್ಟೇ: ನನ್ನ ಕಿವಿಗೆ ಬಾಯಿ ಹಚ್ಚಿ, ಯಾರಿಗೂ ಕೇಳದ ಹಾಗೆ ಸಾ-ಪಾ ಗುನುಗಿದ. ಆಮೇಲೆ ಸಾ-ಮಾ. "ಯಾವುದು?" ಅಂದ. ನಾನು ಕಣ್ಣು ಮುಚ್ಚಿದೆ. ಗಾಯಕರನ್ನ ಬಿಟ್ಟೆ, ತಬಲಾ ಬಿಟ್ಟೆ, ಹಿಂದಿನ ಆ ನಾದದೊಳಗೆ ಹುಡುಕಿದೆ. ಅದು ಒಂದೇ ಸದ್ದಲ್ಲ ಅಂತ ಆಗ ಗೊತ್ತಾಯಿತು. ನಾಲ್ಕು ತಂತಿ ಒಂದರ ಹಿಂದೊಂದು ಬರ್ತವೆ. ಪ್ರತಿ ತಂತಿಯ ಕೆಳಗೆ, ಕುದುರೆಯ ಮೇಲೆ, ಒಂದೊಂದು ಸಣ್ಣ ನೂಲಿನ ಎಳೆ ಇರುತ್ತೆ. ಅದೇ ಅದರ ಜೀವ. ಅದರಿಂದಲೇ ಒಂದು ಸ್ವರದೊಳಗಿಂದ ಹತ್ತಾರು ಸೂಕ್ಷ್ಮ ಸ್ವರಗಳು ಮಿನುಗುತ್ತ ಹೊರಗೆ ಬರ್ತವೆ. ಆ ಮಿನುಗೆಲ್ಲ ಮೇಲಿನ ಫ್ರೀಕ್ವೆನ್ಸಿಯದ್ದು. ವಯಸ್ಸು ಮತ್ತು ಯಂತ್ರದ ಸದ್ದು ಮೊದಲು ಕಿತ್ತುಕೊಳ್ಳೋದು ಅದನ್ನೇ.

ಮೂರು ಸಲ ಕೇಳಿದೆ. "ಮಧ್ಯಮ" ಅಂದೆ.

"ಹಾಂ" ಅಂದ ಅಪ್ಪ. ಪರೀಕ್ಷೆಯಲ್ಲಿ ಪಾಸಾದವನು ಅವನೇ ಅನ್ನೋ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ.

ಆಮೇಲೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಆಯಿತು. ಕೆಳಗಿನ ಸದ್ದು ಅಪ್ಪನಿಗೆ ಚೆನ್ನಾಗಿ ಕೇಳುತ್ತೆ. ಡಗ್ಗಾದ ಗುಂ ಅವನದ್ದು. ಅವನು ನನ್ನ ಮೊಣಕಾಲ ಮೇಲೆ ಬೆರಳಿಟ್ಟು ಏಕತಾಳದ ಹನ್ನೆರಡು ಮಾತ್ರೆ ಎಣಿಸ್ತಿದ್ದ. ಸಮ ಬಂದಾಗ ಒಂದು ಏಟು. ಮೇಲಿನದ್ದು ನನ್ನದು. ಗಾಯಕರು ತಾರ ಷಡ್ಜಕ್ಕೆ ಹೋದರೆ ನಾನು ಅವನ ಅಂಗೈ ಒತ್ತಬೇಕು. ಮೊದಮೊದಲು ಎಲ್ಲ ತಪ್ಪೇ. ಎತ್ತರದ ದನಿ ಬಂದಕೂಡಲೇ ಒತ್ತುತ್ತಿದ್ದೆ. ಅಪ್ಪ ಗಾಯಕರ ಕೈ, ಮುಖ ನೋಡಿ "ಅಲ್ಲ, ಅದು ನಿಷಾದ. ಇನ್ನೂ ಮುಟ್ಟಿಲ್ಲ, ತಡಿ" ಅನ್ನುತ್ತಿದ್ದ. ಕೇಳಿಸದವನು ನೋಡಿ ಹೇಳ್ತಿದ್ದ, ಕೇಳಿಸುವವನು ತಪ್ಪುತ್ತಿದ್ದ. ಅವರು ಸಾ ಹತ್ತಿರ ಹೋಗಿ, ಮುಟ್ಟದೆ ತಿರುಗಿ, ಮತ್ತೆ ಹೋಗಿ, ಕಡೆಗೊಮ್ಮೆ ಮುಟ್ಟಿದಾಗ ನನ್ನ ಕೈ ತಾನಾಗೇ ಒತ್ತಿತು. ಸುತ್ತಲಿದ್ದವರೆಲ್ಲ 'ವಾಹ್' ಅಂದರು. ಮೊದಲ ಹತ್ತು ನಿಮಿಷದಲ್ಲಿ 'ಏನೂ ಆಗಲಿಲ್ಲ' ಅಂದೆನಲ್ಲ, ಆಗ ಆಗ್ತಾ ಇದ್ದದ್ದು ಇದೇ. ನನಗೆ ಎಲ್ಲಿ ನೋಡಬೇಕು ಅಂತ ಗೊತ್ತಿರಲಿಲ್ಲ.

ಸುಮಾರು ಹೊತ್ತಿನ ಮೇಲೆ ಏನೋ ಕಿರಿಕಿರಿ ಶುರುವಾಯಿತು ನನಗೆ. ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಏನು ಅಂತ ಹೇಳೋಕೆ ಬರಲಿಲ್ಲ. ಅಪ್ಪನ ಕೈ ಹಿಡಿದು "ಏನೋ ಸರಿ ಇಲ್ಲಪಾ" ಅಂದೆ. ಅವನು ನನ್ನ ಮುಖ ನೋಡಿದ. ಸ್ವಲ್ಪ ಹೊತ್ತಿಗೆ ಗಾಯಕರು ಹಾಡುತ್ತಲೇ ಹಿಂದೆ ತಿರುಗಿ, ಎಡಗಡೆಯ ತಂಬೂರಿ ಹತ್ತಿರ ತರಿಸಿಕೊಂಡು, ಮೊದಲ ತಂತಿಯನ್ನ ತಿದ್ದಿಕೊಟ್ಟರು. ಕಿರಿಕಿರಿ ಹೋಯಿತು.

ಅಪ್ಪ ಏನೂ ಅನ್ನಲಿಲ್ಲ. ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಬಹಳ ಹೊತ್ತಾದ ಮೇಲೆ, "ವಾಡೇದಾಗ ನಿದ್ದಿ ಮಾಡಿದ್ದು ಪೂರಾ ವ್ಯರ್ಥ ಆಗಿಲ್ಲ" ಅಂದ.

ಇದು ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಿಮಗೆ ಉಪಯೋಗ ಆಗೋ ಭಾಗ ಇನ್ನು ಮುಂದೆ ಇದೆ.

ಸೂರತ್ತಿಗೆ ಬಂದಮೇಲೆ ಶ್ರವಣ ತಜ್ಞರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಇವರು ಸಂಗೀತ ಕೇಳ್ತಾರೆ ಅಂತ ಯಂತ್ರ ಹಾಕುವಾಗ ಯಾರಾದರೂ ಹೇಳಿದ್ರಾ?" ಯಾರೂ ಹೇಳಿರಲಿಲ್ಲ. ಆವತ್ತು ಜೊತೆಗೆ ಹೋದವರೇ ಇರಲಿಲ್ಲ. ಎಷ್ಟೋ ಯಂತ್ರಗಳಲ್ಲಿ ಸಂಗೀತಕ್ಕೆ ಬೇರೆ ಪ್ರೋಗ್ರಾಂ ಇಡಬಹುದು. ಗದ್ದಲ ತಗ್ಗಿಸೋದನ್ನ ಬಂದ್ ಮಾಡ್ತಾರೆ. ಸೀಟಿ ಅಳಿಸೋದನ್ನ ಬಂದ್ ಅಥವಾ ಸಡಿಲ ಮಾಡ್ತಾರೆ. ದೊಡ್ಡ ಸದ್ದು, ಸಣ್ಣ ಸದ್ದು ಎರಡನ್ನೂ ಒಂದೇ ಮಟ್ಟಕ್ಕೆ ತರೋ ಒತ್ತಡ ಕಡಿಮೆ ಮಾಡ್ತಾರೆ. ಒಂದು ಗುಂಡಿ ಒತ್ತಿದರೆ ಮಾತಿನದ್ದು, ಇನ್ನೊಮ್ಮೆ ಒತ್ತಿದರೆ ಸಂಗೀತದ್ದು. ಅಪ್ಪನಿಗೆ ಅದನ್ನ ಮಾಡಿಸಿದೆವು. ಮನೆಯಲ್ಲಿ ಫೋನಿಗೆ ಸ್ಪೀಕರ್ ಹಚ್ಚಿ ತಂಬೂರಿ ಹಾಕಿದೆ.

"ಬಂತು" ಅಂದ. "ಬಾವ್ಯಾಗಿಂದ ಬಂದಂಗ ಬರ್ತದ. ಆದ್ರ ಬಂತು."

ಪೂರ್ತಿ ಬರಲಿಲ್ಲ, ಬರೋದೂ ಇಲ್ಲ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಹೋದರೆ ಮನುಷ್ಯರಲ್ಲಿ ಮತ್ತೆ ಹುಟ್ಟೋದಿಲ್ಲ. ಮೊದಲು ಹೋಗೋವು ಎತ್ತರದ ಸ್ವರಕ್ಕೆ ಮೀಸಲಾದವು.

ಇದನ್ನ ಕೇಳಿದ ಮೇಲೆ ಅಪ್ಪ ನನ್ನ ಕೆಲಸದ ಜಾಗ ನೋಡ್ತೀನಿ ಅಂದ. ಪಾಂಡೇಸರಾಕ್ಕೆ ಕರ್ಕೊಂಡು ಹೋದೆ. ಸ್ಟೆಂಟರ್ ಓಡ್ತಿತ್ತು, ಜೆಟ್ ಯಂತ್ರಗಳು ಓಡ್ತಿದ್ದವು. ಒಡಿಶಾದ, ಬಿಹಾರದ, ಉತ್ತರಪ್ರದೇಶದ ಹುಡುಗರು, ಇಪ್ಪತ್ತು ಇಪ್ಪತ್ತೆರಡರ ವಯಸ್ಸು, ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಕೂಗಿ ಮಾತಾಡ್ತಿದ್ದರು. ಅಪ್ಪ ಬಹಳ ಹೊತ್ತು ನೋಡಿದ. ಹೊರಗೆ ಬಂದು ಅಂದ:

"ನಮ್ಮ ಜಿನ್ನಿನಾಗ ಸುತ್ತೆಲ್ಲಾ ಹತ್ತಿನ ಇತ್ತು ತಮ್ಮಾ. ಒಬ್ಬರೂ ಕಿವ್ಯಾಗ ಇಟ್ಕೊಳ್ಳಲಿಲ್ಲ."

ಬರೀ ಹತ್ತಿ ಇಟ್ಟುಕೊಂಡರೆ ಹೆಚ್ಚು ತಡೆಯೋದಿಲ್ಲ, ಅದಕ್ಕೇ ಅಂತ ಮಾಡಿದ ಫೋಮ್ ಬಿರಡೆ ಬೇಕು. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ ಆಗ ದಿನಕ್ಕೆ 8 ತಾಸಿಗೆ 90 ಡೆಸಿಬೆಲ್ ಮಿತಿ ಇತ್ತು. ಆ ಸಂಖ್ಯೆ ನನಗೆ ಗೊತ್ತಿತ್ತು. ನಾನು ಬರೆದ ಸಾಫ್ಟ್‌ವೇರಿನಲ್ಲಿ ಪ್ರತಿ ಲಾಟಿನ ಉಷ್ಣತೆ ಇದೆ, ಬಣ್ಣದ ಗ್ರಾಂ ಇದೆ, ಹಬೆಯ ಖರ್ಚಿದೆ. ಸದ್ದಿನ ಕಾಲಂ ಇಲ್ಲ. ಈಗ ಒಂದು ಕಡೆ ಹಾಕಿದ್ದೀನಿ: ಯಾರು ಯಾವ ಯಂತ್ರದ ಹತ್ತಿರ ಎಷ್ಟು ತಾಸು, ಬಿರಡೆ ಕೊಟ್ಟಿದ್ದು ಯಾವತ್ತು, ಕಿವಿ ಪರೀಕ್ಷೆ ಯಾವತ್ತು. ಒಬ್ಬ ಗ್ರಾಹಕ ಒಪ್ಪಿದ್ದಾರೆ. ಉಳಿದವರು "ಇದಕ್ಕೆ ಎಕ್ಸ್‌ಟ್ರಾ ದುಡ್ಡಾ?" ಅಂತ ಕೇಳ್ತಿದ್ದಾರೆ. ಇಲ್ಲ ಅಂದಿದ್ದೀನಿ. ನೋಡೋಣ.

ನನ್ನ ಕಿವಿಯನ್ನೂ ಪರೀಕ್ಷೆ ಮಾಡಿಸಿದೆ. ಹದಿನೈದು ವರ್ಷದ ಹೆಡ್‌ಫೋನು, ಮಿಲ್ಲು. ಗ್ರಾಫಿನಲ್ಲಿ 4000 ಹರ್ಟ್ಸ್ ಹತ್ತಿರ ಒಂದು ಸಣ್ಣ ತಗ್ಗು ಇದೆ. ಸದ್ಯಕ್ಕೆ ಸಣ್ಣದು.

ಊರಿಗೆ ಹೊರಡುವ ಹಿಂದಿನ ರಾತ್ರಿ ಅಪ್ಪನನ್ನ ಕೇಳಿದೆ, ಕಿವಿ ಇಷ್ಟು ಹೋಗಿದ್ದನ್ನ ಮೊದಲೇ ಯಾಕೆ ಹೇಳಲಿಲ್ಲ ಅಂತ. "ಹೇಳಿದ್ರ ನೀ ಕಛೇರಿಗೆ ಕರ್ಕೊಂಡು ಹೋಗ್ತಿದ್ದೇನು? ಕೇಳಂಗಿಲ್ಲ, ಯಾಕ್ ಹೋಗ್ಬೇಕು ಅಂತಿದ್ದಿ" ಅಂದ. ಹೌದು, ಅನ್ನುತ್ತಿದ್ದೆ.

ಆಮೇಲೆ ಅವನೇ ಅಂದ, "ನಿನ್ನ ಆ ಬೆಂಗಳೂರಿನ ಕಛೇರಿ ಹಚ್ಚು ನೋಡೂಣು."

ಹದಿಮೂರು ವರ್ಷ ತಡವಾಗಿ ಹಚ್ಚಿದೆ. ಸ್ಪೀಕರಿನಲ್ಲಿ, ಸಣ್ಣ ಸೌಂಡಿನಲ್ಲಿ. ಅಪ್ಪ ಸಂಗೀತದ ಗುಂಡಿ ಒತ್ತಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಒಂದು ಹಾಡು ಕೇಳಿದ. ಮೊಣಕಾಲ ಮೇಲೆ ಬೆರಳು ಆಡ್ತಿತ್ತು. ಮುಗಿದ ಮೇಲೆ ಅಂದ, "ತಬಲಾದವ ಛಲೋ ಅದಾನ. ಹಾಡವನಿಗೆ ಯಾಕೋ ಸಿಟ್ಟು ಬಂದದ." ಸ್ವಲ್ಪ ತಡೆದು, "ಯಾತಕ್ಕ ಸಿಟ್ಟು ಅವಗ?" ಅಂತ ಕೇಳಿದ.

ಈ ಸಲ ನಾನು ತಿಳಿಸಿ ಹೇಳಿದೆ. ಒಂದು ತಾಸು ಹಿಡೀತು.

ನನಗೆ ಹಿಂದೂಸ್ತಾನಿ ಸಂಗೀತದ ಹುಚ್ಚು ಹಿಡಿದಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಈಗಲೂ ಬಸ್ಸಿನಲ್ಲಿ ಮೆಟಲ್ಲೇ ಕೇಳೋದು, ಸೌಂಡ್ ಕಡಿಮೆ ಮಾಡಿದ್ದೀನಿ ಅಷ್ಟೇ. ಆದರೆ ಮುಂದಿನ ಸಲ ನಿಮ್ಮವರು ಯಾರಾದರೂ ನಿಮಗೆ ಬೇಡದ ಕಛೇರಿಗೆ ಕರೆದರೆ ಹೋಗಿ. ಹೋಗಿ, ವೇದಿಕೆ ಅರ್ಥ ಆಗದಿದ್ದರೆ ಪಕ್ಕದಲ್ಲಿ ಕೂತವರನ್ನ ನೋಡಿ. ಅವರಿಗೆ ಏನು ಕೇಳಿಸ್ತಿದೆ, ಏನು ಕೇಳಿಸ್ತಿಲ್ಲ ಅಂತ ಕೇಳಿ. ಮತ್ತೆ, ಅಪ್ಪ-ಅವ್ವನಿಗೆ ಶ್ರವಣ ಯಂತ್ರ ಮಾಡಿಸುವ ದಿನ ದಯವಿಟ್ಟು ಜೊತೆಗೆ ಹೋಗಿ. ಅವರು ಸಂಗೀತ ಕೇಳ್ತಾರೆ, ಭಜನೆಗೆ ಹೋಗ್ತಾರೆ ಅಂತ ತಜ್ಞರಿಗೆ ಒಂದು ಮಾತು ಹೇಳಿ.

ಮೊನ್ನೆ ಕುಂದಗೋಳದಿಂದ ಫೋನ್ ಬಂದಿತ್ತು. ಜನವರಿಗೆ ಟಿಕೆಟ್ ಈಗಲೇ ಮಾಡಿಸು ಅಂದ ಅಪ್ಪ. ಎರಡು ರಾತ್ರಿಗೆ.